ಬೆಟ್ಟವನ್ನೇರುವ ಫಿರಂಗಿ

1791ರಲ್ಲಿ ಬ್ರಿಟಿಷ್ ಸೇನೆಯು ಟಿಪ್ಪೂ ಸುಲ್ತಾನನ ನಂದಿದುರ್ಗವನ್ನು ಮುತ್ತಿದಾಗ, ಕೋಟೆಗೋಡೆಯನ್ನೊಡೆಯಬಲ್ಲ ಭಾರವಾದ ಫಿರಂಗಿಗಳನ್ನು ಆ ಕಡಿದಾದ ಬೆಟ್ಟದ ಮೇಲಕ್ಕೆ ಎಳೆಯಬೇಕಾಯಿತು. ಇಳಿಜಾರಿನಲ್ಲಿ ದಾರಿಯನ್ನೇ ಕಡಿದರು, ಆನೆಗಳನ್ನು ತೊಡಗಿಸಿದರು. ಸುಮಾರು ಮೂರು ವಾರಗಳ ತರುವಾಯ ಕೋಟೆ ಬಿದ್ದಿತು.

ಫಿರಂಗಿಗಾಗಿ ಬೆಟ್ಟವನ್ನು ಕಡಿಯುವ ಬದಲು, ಬೆಟ್ಟಕ್ಕಾಗಿ ಫಿರಂಗಿಯನ್ನೇ ತುಂಡರಿಸಬಾರದೇಕೆ? 1879ರ ವೇಳೆಗೆ ಬ್ರಿಟಿಷರು ಬಳಕೆಗೆ ತಂದ ಎರಡೂವರೆ ಅಂಗುಲದ ತಿರುಪಿನ ಫಿರಂಗಿ ಇಂಥದು. ಅದರ ನಳಿಗೆ ಎರಡು ತುಂಡು. ಒಂದೊಂದರ ತೂಕ ಸುಮಾರು 90 ಕಿಲೋಗ್ರಾಂ, ಎಂದರೆ ಹೇಸರಗತ್ತೆಯೊಂದು ಹೊರಬಲ್ಲಷ್ಟು. ನೆಲೆ ಸೇರಿದ ಮೇಲೆ ತಿರುಪಿನಿಂದ ಜೋಡಿಸಿದರಾಯಿತು. ಸಿಡಿಮದ್ದಿನ ಅನಿಲ ಆ ಸಂದಿನಲ್ಲಿ ನುಸುಳದಂತೆ ತಡೆಯುವುದೇ ಕುಶಲತೆ.

ಹಗುರಗೊಳಿಸುವುದಕ್ಕೆ ಬೆಲೆಯುಂಟು. 1917ರಲ್ಲಿ ರಣರಂಗಕ್ಕಿಳಿದ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಗುಡ್ಡಗಾಡಿನಲ್ಲಿಯೂ ಭಾರತೀಯ ದಳಗಳು ಬಳಸಿದ 3.7 ಅಂಗುಲದ ಹೊವಿಟ್ಜರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎಂಟು ಹೇಸರಗತ್ತೆಗಳು ಹೊರುತ್ತಿದ್ದ ಅದರ ತೂಕ ಸುಮಾರು 730 ಕಿಲೋಗ್ರಾಂ. ಗುಂಡು 9 ಕಿಲೋಗ್ರಾಂ. ಗುಂಡಿನ ವೇಗ ಸೆಕೆಂಡಿಗೆ ಸುಮಾರು 300 ಮೀಟರ್. ಸಂವೇಗದ ನಿಯಮದಂತೆ, ತಡೆಯಿಲ್ಲದಿದ್ದರೆ ಇಡೀ ಫಿರಂಗಿ ಸೆಕೆಂಡಿಗೆ 3.7 ಮೀಟರ್ ವೇಗದಲ್ಲಿ ಹಿಂದಕ್ಕೆ ನೆಗೆಯಬೇಕು. ಅನಿಲದ ಪಾಲನ್ನು ಸೇರಿಸಿದರೆ ಇನ್ನೂ ಹೆಚ್ಚು. ಕಿರಿದಾದ ಬೆಟ್ಟದಂಚಿನಲ್ಲಿ ಇದು ಪ್ರಾಣಾಪಾಯವೇ ಸರಿ! ಆದುದರಿಂದ ನಳಿಗೆಯೊಂದೇ ಹಿಂಜರಿಯುವಂತೆ ಮಾಡಿ, ಸಣ್ಣ ರಂಧ್ರಗಳಲ್ಲಿ ದ್ರವವನ್ನು ಹಿಂಡಿ ಅದರ ವೇಗವನ್ನು ನುಂಗಿಸುತ್ತಾರೆ; ಒತ್ತಲ್ಪಟ್ಟ ಗಾಳಿ ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ.

ಗುಡ್ಡದ ಮರೆಯ ಗುರಿಯ ಮೇಲೆ ಗುಂಡು ಮೇಲಿನಿಂದ ಬೀಳಬೇಕಾದರೆ ನಳಿಗೆಯನ್ನು ಮೇಲಕ್ಕೆತ್ತಬೇಕು. ಆಗ ಅದರ ಹಿಂತುದಿ ನೆಲಕ್ಕೆ ಬಡಿಯುವ ಭಯ. ಎತ್ತಿದಷ್ಟೂ ಹಿಂಜರಿತ ಮೊಟಕಾಗುವ ಏರ್ಪಾಡು ಈ ಹೊವಿಟ್ಜರಿನಲ್ಲಿತ್ತು.