ನೀರಿನ ದಡದಲ್ಲಿ ಅಭಯ
*ಇಂದಿನ ಧಮ್ಮ ಚಿಂತನೆ*



ಇಂದಿನ ವಿಷಯ ಪಂಚಶೀಲದ ಮೊದಲ ಶೀಲ: ಪ್ರಾಣಿಹಿಂಸೆಯಿಂದ ದೂರವಿರುವುದು. "ನಾನು ಯಾರನ್ನೂ ಕೊಲ್ಲುವುದಿಲ್ಲ, ಈ ಶೀಲ ನನಗೆ ಸುಲಭ" ಎಂದು ಅನೇಕರು ಹೇಳುತ್ತಾರೆ. ಅಷ್ಟೇ ಸಾಕೇ? ಎರಡು ದಿನದ ಒಂದು ಪ್ರವಾಸದ ಮೂಲಕ ನೋಡೋಣ.

ನಾವು ನಾಲ್ವರು ತಿಕೋಟಾದಿಂದ ಬಾಡಿಗೆ ಕ್ಯಾಂಪರ್ ವ್ಯಾನಿನಲ್ಲಿ ಹೊರಟೆವು. ಒಳಗೇ ಹಾಸಿಗೆ, ಗ್ಯಾಸ್ ಒಲೆ, ನೀರಿನ ಕ್ಯಾನ್. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ. ಬಬಲೇಶ್ವರ ಬಿಟ್ಟು, ಗಲಗಲಿ ಹತ್ತಿರ ಕೃಷ್ಣೆಯನ್ನು ದಾಟಿ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಕಡೆ ಹೋದೆವು. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿರುವ ಈ ಕುರುಚಲು ಕಾಡು ಸುಮಾರು 96 ಚದರ ಕಿ.ಮೀ. ದಾರಿಯ ಒಂದು ಊರಿನ ನಲ್ಲಿಯಲ್ಲಿ ಕ್ಯಾನ್ ತುಂಬಿಸಿಕೊಂಡೆವು. ರಾತ್ರಿ ಕಾಡಿನ ಹೊರಗೇ ವ್ಯಾನ್ ನಿಲ್ಲಿಸಿ ಮಲಗಿದೆವು.

ಬೆಳಿಗ್ಗೆ ಅನುಮತಿ ಪಡೆದು ಅರಣ್ಯ ಸಿಬ್ಬಂದಿಯೊಬ್ಬರ ಜೊತೆ ಗುಡ್ಡ ಹತ್ತಿದೆವು. ಒಂದು ನೀರಿನ ಗುಂಡಿ ಕಂಡಾಗ ಅವರು ಬಹಳ ದೂರದಲ್ಲೇ ನಮ್ಮನ್ನು ಕೂಡಿಸಿದರು. "ಚಿಂಕಾರ ಮುಂಗಾಲು ನೆಲಕ್ಕೆ ಬಡಿದರೆ, ಸೀನಿದಂತೆ ಸದ್ದು ಮಾಡಿದರೆ, ಅದು ಹೆದರಿದೆ ಅಂತ ತಿಳೀರಿ. ನೀರು ಕುಡಿಯದೇ ಓಡಿಹೋಗತದ" ಎಂದರು. ಮಾತಿಲ್ಲದೆ ಕೂತೆವು. ಬಹಳ ಹೊತ್ತಿನ ಮೇಲೆ ಕಂದುಬಣ್ಣದ ಎರಡು ಚಿಂಕಾರ ಬಂದವು. ತಲೆ ಎತ್ತಿ ಎತ್ತಿ ನೋಡಿದವು. ಆಮೇಲೆ ನೀರು ಕುಡಿದವು.

ಬಂಧುಗಳೇ, ನೀರಿನ ದಡದ ಭಯ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. 1934ರಲ್ಲಿ ಬಾಬಾಸಾಹೇಬರು ಸುಮಾರು 30 ಸಂಗಡಿಗರೊಂದಿಗೆ ವೇರೂಳದ ಬೌದ್ಧ ಗುಹೆಗಳನ್ನು ನೋಡುವ ಪ್ರವಾಸದಲ್ಲಿದ್ದರು. ದಾರಿಯಲ್ಲಿ ದೌಲತಾಬಾದ್ ಕೋಟೆಯ ಬಾಗಿಲ ಬಳಿಯ ತೊಟ್ಟಿಯಲ್ಲಿ ಕೈಕಾಲು ತೊಳೆದದ್ದಕ್ಕೆ ಗಲಾಟೆಯಾಯಿತು. ಕೋಟೆಯೊಳಗೆ ಎಲ್ಲಿಯೂ ನೀರು ಮುಟ್ಟದಂತೆ ಕಾಯಲು ಒಬ್ಬ ಸಶಸ್ತ್ರ ಸಿಪಾಯಿಯನ್ನೇ ಅವರ ಜೊತೆ ಕಳಿಸಿದರು. ಅದಕ್ಕೂ ಮೊದಲೇ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡ್‌ನ ಚವದಾರ ಕೆರೆಯ ನೀರು ಕುಡಿದಿದ್ದರು. ಇಂದು ನಾವು ಊರ ನಲ್ಲಿಗೆ ಕ್ಯಾನ್ ಹಿಡಿಯುವ ಹಕ್ಕು ಅಂಥ ಹೋರಾಟದಿಂದ ಬಂದದ್ದು.

ನಾನು ಮನುಷ್ಯರನ್ನು ಪ್ರಾಣಿಗಳಿಗೆ ಹೋಲಿಸುತ್ತಿಲ್ಲ. ಮಹಾಡ್ ನಡೆದದ್ದೇ ನಾವೂ ಮನುಷ್ಯರು ಎಂದು ಸಾರಲು. ಆದರೆ ನೀರಿಗೆ ಹೆದರುತ್ತ ಹೋಗುವುದು ಏನೆಂದು ತಿಳಿದ ಜನ, ಇನ್ನೊಂದು ಜೀವಕ್ಕೆ ಆ ಭಯವಾಗಬಾರದು. ಸಾಮ್ರಾಟ ಅಶೋಕ ತನ್ನ ಎರಡನೇ ಬಂಡೆ ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಎಂದು ಎರಡೂ ಹೆಸರು ಹೇಳಿ, ದಾರಿಬದಿ ಬಾವಿ ತೋಡಿಸಿದ್ದನ್ನು, ಮರ ನೆಡಿಸಿದ್ದನ್ನು ಬರೆಸಿದ್ದಾನೆ. ಧಮ್ಮದ ದಾರಿಯಲ್ಲಿ ಒಬ್ಬರ ನೀರಿಗಾಗಿ ಇನ್ನೊಬ್ಬರ ನೀರು ತಪ್ಪುವುದಿಲ್ಲ.

ಆದ್ದರಿಂದ ಮೊದಲ ಶೀಲ ಕೊಲ್ಲದಿರುವುದರಲ್ಲಿ ಮುಗಿಯುವುದಿಲ್ಲ. ನಾವು ಇರುವ ಕಡೆ ಯಾವ ಜೀವವೂ ಹೆದರದಂತೆ ಇರುವುದು, ಅಂದರೆ ಅಭಯ ಕೊಡುವುದು, ಅದರ ಇನ್ನೊಂದು ಅರ್ಧ.

*ಇಂದಿನ ಅಭ್ಯಾಸ:*
1. ಹತ್ತು ನಿಮಿಷ ಮೊಬೈಲ್ ಇಲ್ಲದೆ ಸುಮ್ಮನೆ ಕೂತು ಒಂದು ಹಕ್ಕಿಯನ್ನೋ ಪ್ರಾಣಿಯನ್ನೋ ದೂರದಿಂದ ಗಮನಿಸಿ.
2. ಮನೆ ಮುಂದೆ ಅಥವಾ ಮಾಳಿಗೆ ಮೇಲೆ ಒಂದು ಪಾತ್ರೆ ನೀರು ಇಡಿ.
3. ಮನೆಯಲ್ಲಿ, ಕೆಲಸದಲ್ಲಿ ನನ್ನನ್ನು ಕಂಡರೆ ಯಾರಿಗೆ ಭಯ? ನಿಮ್ಮನ್ನೇ ಕೇಳಿಕೊಳ್ಳಿ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ. ಜೈ ಭೀಮ್ 🙏