ಸೋಡಾ ಬೂದಿಯ ವ್ಯಾಜ್ಯ

ಸಾಬೂನು ಹಳ್ಳಿಗಳಿಗೆ ಬರುವುದಕ್ಕೆ ಮುಂಚೆ ನಮ್ಮ ಮಡಿವಾಳರು ಬಟ್ಟೆ ಒಗೆಯಲು ಚೌಳು ಮಣ್ಣನ್ನು ಬಳಸುತ್ತಿದ್ದರು. ಬೇಸಗೆಯಲ್ಲಿ ಕೆಲವು ಹೊಲಗಳ ಮೇಲೆ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಕಾಣಿಸಿಕೊಳ್ಳುವ ಆ ಮಣ್ಣು ಬೆಳೆಗೂ ಶತ್ರು, ಕೊಳೆಗೂ ಶತ್ರು. ಅದರಲ್ಲಿದ್ದು ಕೊಳೆಯನ್ನು ಬಿಡಿಸುವ ವಸ್ತು ಸೋಡಿಯಂ ಕಾರ್ಬೊನೇಟ್. ವ್ಯಾಪಾರದಲ್ಲಿ ಅದನ್ನು ಸೋಡಾ ಆಷ್ ಎನ್ನುತ್ತಾರೆ. ಆಷ್ ಎಂದರೆ ಬೂದಿ. ಹಿಂದೆ ಯೂರೋಪಿನಲ್ಲಿ ಕಡಲತೀರದ ಗಿಡಗಳನ್ನು ಸುಟ್ಟು ಅದನ್ನು ಪಡೆಯುತ್ತಿದ್ದುದರಿಂದ ಈ ಹೆಸರು ಬಂದಿತು. ಕಿಟಕಿಯ ಗಾಜು, ಔಷಧದ ಸೀಸೆ, ಬಟ್ಟೆ ಒಗೆಯುವ ಪುಡಿ ಇವೆಲ್ಲಕ್ಕೂ ಸೋಡಾ ಬೂದಿ ಬೇಕು. ಇಂತಹ ಸಾಧುವಾದ ಬಿಳಿಯ ಪುಡಿಯೊಂದು ದೇಶದೇಶಗಳ ನಡುವೆ ವ್ಯಾಜ್ಯವನ್ನು ಹೂಡಿದ ಬಗೆಯನ್ನು ಈ ಪಾಠದಲ್ಲಿ ನೋಡೋಣ.

ಸೋಡಾ ಬೂದಿಯನ್ನು ಪಡೆಯುವ ಮಾರ್ಗಗಳು ಮುಖ್ಯವಾಗಿ ಎರಡು. ಬೆಲ್ಜಿಯಂ ದೇಶದ ಅರ್ನೆಸ್ಟ್ ಸಾಲ್ವೆ ಎಂಬಾತನು ೧೮೬೧ರಲ್ಲಿ ರೂಪಿಸಿದ ವಿಧಾನದಲ್ಲಿ ಉಪ್ಪು, ಸುಣ್ಣದ ಕಲ್ಲು ಮತ್ತು ಅಮೋನಿಯಗಳ ನೆರವಿನಿಂದ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಾರೆ. ಗುಜರಾತಿನ ಕಡಲತೀರದಲ್ಲಿ ಉಪ್ಪಿಗೂ ಸುಣ್ಣದ ಕಲ್ಲಿಗೂ ಕೊರತೆಯಿಲ್ಲ. ಆದ್ದರಿಂದಲೇ ಮಿಠಾಪುರ ಮೊದಲಾದ ಕಡೆಗಳಲ್ಲಿ ನಮ್ಮ ದೇಶದ ದೊಡ್ಡ ಸೋಡಾ ಕಾರ್ಖಾನೆಗಳು ನೆಲೆಗೊಂಡವು. ಎರಡನೆಯದು ನಿಸರ್ಗವೇ ಮಾಡಿಟ್ಟ ಸೋಡಾ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ನೆಲದಡಿಯಲ್ಲಿ ನೂರಾರು ಅಡಿ ಆಳಕ್ಕೆ ಟ್ರೋನಾ ಎಂಬ ಖನಿಜದ ಪದರಗಳಿವೆ. ಕೀನ್ಯಾದ ಮಗಾಡಿ ಸರೋವರದಲ್ಲಿ ಅದು ನೀರಿನ ಮೇಲೆಯೇ ಹೆಪ್ಪುಗಟ್ಟುತ್ತದೆ. ಅಗೆದು, ಕಾಯಿಸಿ, ಶುದ್ಧಿ ಮಾಡಿದರೆ ಸಾಕು. ಕಾರ್ಖಾನೆಯ ಸೋಡಾಕ್ಕಿಂತ ಗಣಿಯ ಸೋಡಾ ಅಗ್ಗವಾಗುವುದು ಸಹಜ.

ಹೀಗಿರಲು, ಅಗ್ಗದ ಸೋಡಾ ಹಡಗಿನಲ್ಲಿ ಬಂದು ನಮ್ಮ ಬಂದರಿನಲ್ಲಿ ಇಳಿದರೆ ಮಿಠಾಪುರದ ಕಾರ್ಮಿಕನು ಏನು ಮಾಡಬೇಕು? ಅವನ ಕಾರ್ಖಾನೆಯ ಒಡೆಯರು ಸರ್ಕಾರಕ್ಕೆ ದೂರು ಕೊಡುತ್ತಾರೆ. ಆದರೆ 'ಪರದೇಶದ ಸರಕು ಅಗ್ಗವಾಗಿದೆ' ಎಂಬುದಷ್ಟೇ ದೂರಾಗಲಾರದು. ಅಗ್ಗವಾಗಿ ಮಾಡಬಲ್ಲವನು ಅಗ್ಗವಾಗಿ ಮಾರುವುದು ತಪ್ಪೇ? ಕಾನೂನು ತಪ್ಪೆಂದು ಕಾಣುವುದು ಬೇರೊಂದನ್ನು. ಒಬ್ಬ ತಯಾರಕನು ತನ್ನ ದೇಶದಲ್ಲಿ ಒಂದು ಬೆಲೆಗೆ ಮಾರುತ್ತ, ಅದೇ ಸರಕನ್ನು ನಮ್ಮ ದೇಶಕ್ಕೆ ಅದಕ್ಕಿಂತ ಕಡಿಮೆ ಬೆಲೆಗೆ ಕಳಿಸಿದರೆ ಅದಕ್ಕೆ ಡಂಪಿಂಗ್ ಎಂದು ಹೆಸರು. ಅಂದರೆ ತಂದು ಸುರಿಯುವುದು. ಹೋಲಿಕೆ ಅವನ ಮನೆಯ ಬೆಲೆಗೂ ಅವನ ರಫ್ತಿನ ಬೆಲೆಗೂ ನಡುವೆಯೇ ಹೊರತು, ಅವನ ಬೆಲೆಗೂ ನಮ್ಮ ಬೆಲೆಗೂ ನಡುವೆ ಅಲ್ಲ. ಈ ಸೂಕ್ಷ್ಮವನ್ನು ಮರೆತು ಮಾತನಾಡುವವರು ಪತ್ರಿಕೆಗಳಲ್ಲಿಯೂ ಇದ್ದಾರೆ.

ಇದಕ್ಕೆ ಪ್ರತಿಯಾಗಿ ಸುಂಕ ಹಾಕುವ ಕಾನೂನನ್ನು ಮೊದಲು ಮಾಡಿದ ದೇಶ ಕೆನಡಾ, ಅದು ೧೯೦೪ರಲ್ಲಿ. ನಮ್ಮಲ್ಲಿ ೧೯೭೫ರ ಸುಂಕ ದರ ಅಧಿನಿಯಮದಲ್ಲಿ ಇದಕ್ಕೆ ಅವಕಾಶವಿದೆ. ವಿಶ್ವ ವ್ಯಾಪಾರ ಸಂಸ್ಥೆ ಸ್ಥಾಪನೆಯಾದ ೧೯೯೫ರಲ್ಲಿಯೇ ವಿವರವಾದ ನಿಯಮಗಳೂ ಬಂದವು. ಈಗ ವಿಚಾರಣೆ ನಡೆಸುವುದು ಕೇಂದ್ರ ವಾಣಿಜ್ಯ ಸಚಿವಾಲಯದ ಅಡಿಯಲ್ಲಿ ೨೦೧೮ರಲ್ಲಿ ರೂಪುಗೊಂಡ ಮಹಾನಿರ್ದೇಶನಾಲಯ.

ವಿಚಾರಣೆಯ ಕ್ರಮ ನ್ಯಾಯಾಲಯದ ಕ್ರಮವನ್ನು ಹೋಲುತ್ತದೆ. ದೂರುದಾರರ ಬೆನ್ನಿಗೆ ದೇಶದ ಒಟ್ಟು ಉತ್ಪಾದನೆಯ ಕಾಲು ಭಾಗವಾದರೂ ಇರಬೇಕು. ಪರದೇಶದ ತಯಾರಕರಿಗೆ ಪ್ರಶ್ನಾವಳಿಗಳು ಹೋಗುತ್ತವೆ. ಎರಡು ಬೆಲೆಗಳನ್ನು ಹೋಲಿಸುವಾಗ ಹಡಗಿನ ಬಾಡಿಗೆ, ವಿಮೆ, ದಲ್ಲಾಳಿಯ ಪಾಲು ಇವನ್ನೆಲ್ಲ ಕಳೆದು, ಎರಡನ್ನೂ ಕಾರ್ಖಾನೆಯ ಬಾಗಿಲಿಗೆ ತಂದು ನಿಲ್ಲಿಸಬೇಕು. ವ್ಯತ್ಯಾಸವು ರಫ್ತಿನ ಬೆಲೆಯ ನೂರಕ್ಕೆ ಎರಡಕ್ಕಿಂತ ಕಡಿಮೆಯಾದರೆ ಆ ತಯಾರಕನನ್ನು ಬಿಟ್ಟುಬಿಡುತ್ತಾರೆ.

ವ್ಯತ್ಯಾಸ ಸಿಕ್ಕಿತೆಂದರೆ ಕೆಲಸ ಮುಗಿಯಿತೇ? ಇಲ್ಲ. ನಮ್ಮ ಉದ್ಯಮಕ್ಕೆ ಹಾನಿಯಾಗಿದೆಯೆಂದು ತೋರಿಸಬೇಕು. ಆ ಹಾನಿ ಆ ಆಮದಿನಿಂದಲೇ ಆಯಿತೆಂದೂ ತೋರಿಸಬೇಕು. ಕಠಿಣವಾದುದು ಇದೇ. ಕಾರ್ಖಾನೆಯ ಯಂತ್ರ ಹಳೆಯದಾಗಿರಬಹುದು, ಕಲ್ಲಿದ್ದಲಿನ ಬೆಲೆ ಏರಿರಬಹುದು, ಗಾಜಿಗೆ ಬೇಡಿಕೆ ಕುಸಿದಿರಬಹುದು. ಆ ನಷ್ಟಗಳನ್ನೆಲ್ಲ ಪರದೇಶದವನ ತಲೆಗೆ ಕಟ್ಟುವಂತಿಲ್ಲ. ಎಲ್ಲವೂ ಸಿದ್ಧವಾದ ಮೇಲೂ ನಮ್ಮಲ್ಲಿ ಸುಂಕಕ್ಕೆ ಒಂದು ಮಿತಿಯಿದೆ. ಉದಾಹರಣೆಗೆ, ತನ್ನ ದೇಶದಲ್ಲಿ ೧೦೦ ರೂಪಾಯಿಗೆ ಮಾರುವುದನ್ನು ಒಬ್ಬನು ನಮಗೆ ೮೦ಕ್ಕೆ ಕಳಿಸಿದನೆನ್ನಿ. ವ್ಯತ್ಯಾಸ ೨೦ ರೂಪಾಯಿ. ಆದರೆ ೧೨ ರೂಪಾಯಿ ಸುಂಕದಿಂದಲೇ ನಮ್ಮ ಉದ್ಯಮದ ಹಾನಿ ನೀಗುವುದಾದರೆ ೧೨ನ್ನೇ ಹಾಕಬೇಕು.

ಸಹಾಯಧನದ ದೂರು ಇದಕ್ಕಿಂತ ಭಿನ್ನ. ಅಲ್ಲಿ ಆರೋಪಿ ವ್ಯಾಪಾರಿಯಲ್ಲ, ಪರದೇಶದ ಸರ್ಕಾರವೇ. ಕೆಲವು ಉದ್ಯಮಗಳಿಗೆ ಮಾತ್ರ ಅಗ್ಗದ ಸಾಲ, ತೆರಿಗೆಯ ವಿನಾಯಿತಿ, ಕಡಿಮೆ ಬೆಲೆಯ ನೆಲ ಇವನ್ನು ಕೊಟ್ಟಿತೆಂಬುದು ಆರೋಪ. ಒಂದು ಸರ್ಕಾರ ಇನ್ನೊಂದನ್ನು ಪ್ರಶ್ನಿಸುವುದಾದ್ದರಿಂದ ವಿಚಾರಣೆಗೆ ಮೊದಲೇ ಆ ದೇಶವನ್ನು ಮಾತುಕತೆಗೆ ಕರೆಯುವ ನಿಯಮವಿದೆ. ನಾವು ಯಾವಾಗಲೂ ದೂರುವವರ ಸ್ಥಾನದಲ್ಲಿಯೇ ಇರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಶಾಯಿಗೂ ಪ್ಲಾಸ್ಟಿಕ್ಕಿಗೂ ಬಳಸುವ ಕಾರ್ಬಜೋಲ್ ವಯೊಲೆಟ್ ಎಂಬ ನೇರಳೆ ಬಣ್ಣ ಭಾರತದಿಂದ ಹೋದಾಗ, ಅದರ ಮೇಲೆ ಅಮೆರಿಕ ೨೦೦೪ರಲ್ಲಿ ಡಂಪಿಂಗಿನ ಸುಂಕವನ್ನೂ ಸಹಾಯಧನದ ಸುಂಕವನ್ನೂ ಒಟ್ಟಿಗೆ ಹೇರಿತು. ಆ ದೇಶದಲ್ಲಿ ಬೆಲೆಯನ್ನು ಅಳೆಯುವ ಇಲಾಖೆಯೇ ಬೇರೆ, ಹಾನಿಯನ್ನು ಅಳೆಯುವ ಆಯೋಗವೇ ಬೇರೆ. ಈ ಏರ್ಪಾಡು ನಮ್ಮದಕ್ಕಿಂತ ಒಳ್ಳೆಯದೆಂದು ನನಗೆ ತೋರುತ್ತದೆ.

ಸೋಡಾ ಬೂದಿಯ ವ್ಯಾಜ್ಯ ನಮ್ಮ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅಮೆರಿಕದ ಸೋಡಾ ತಯಾರಕರು ಒಂದು ಕೂಟವನ್ನು ಕಟ್ಟಿಕೊಂಡು ಒಟ್ಟಾಗಿ ರಫ್ತು ಮಾಡುತ್ತಿದ್ದರು. ೧೯೯೬ರಲ್ಲಿ ನಮ್ಮ ತಯಾರಕರ ಸಂಘವು ಡಂಪಿಂಗಿನ ಕಾನೂನಿನ ದಾರಿಯನ್ನು ಬಿಟ್ಟು, ಏಕಸ್ವಾಮ್ಯವನ್ನು ತಡೆಯುವ ಆಯೋಗದ ಬಾಗಿಲನ್ನು ತಟ್ಟಿತು. ಸ್ಪರ್ಧಿಗಳನ್ನು ಕೊಲ್ಲಲೆಂದೇ ಈ ಕೂಟವು ಬೆಲೆಯನ್ನು ಇಳಿಸಿದೆ, ನಾವು ಮುಚ್ಚಿದ ಮೇಲೆ ಏರಿಸುತ್ತದೆ ಎಂಬುದು ಅವರ ವಾದ. ಆಯೋಗವು ತಡೆಯಾಜ್ಞೆ ನೀಡಿತು. ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತೆಗೆದುಹಾಕಿತು. ಪರದೇಶದಲ್ಲಿ ಆದ ಒಪ್ಪಂದದ ಮೇಲೆ ಆಗಿನ ಕಾನೂನಿನಂತೆ ಆಯೋಗಕ್ಕೆ ಅಧಿಕಾರವಿಲ್ಲ, ಆಮದನ್ನು ಅದು ತಡೆಯುವಂತಿಲ್ಲ ಎಂಬುದು ತೀರ್ಪಿನ ಸಾರ. ಸೋಡಾ ಕೊಳ್ಳುವವರಿಗೆ ಇದು ಸಂತೋಷದ ಸುದ್ದಿಯಾಗಿದ್ದಿರಬೇಕು.

ಹತ್ತು ವರ್ಷಗಳ ಬಳಿಕ, ೨೦೧೨ರಲ್ಲಿ, ಡಂಪಿಂಗಿನ ವಿಚಾರಣೆ ಮುಗಿದು ಚೀನಾ, ಯೂರೋಪಿನ ಒಕ್ಕೂಟ, ಕೀನ್ಯಾ, ಇರಾನ್, ಪಾಕಿಸ್ತಾನ, ಉಕ್ರೇನ್ ಮತ್ತು ಅಮೆರಿಕಗಳ ಸೋಡಾ ಬೂದಿಯ ಮೇಲೆ ಸುಂಕ ಬಿದ್ದಿತು. ಕಾರ್ಖಾನೆಯ ಸೋಡಾ, ಗಣಿಯ ಸೋಡಾ ಎರಡೂ ಈ ಪಟ್ಟಿಯಲ್ಲಿ ಸೇರಿದ್ದವು.

ಸುಂಕವನ್ನು ಮೊದಲು ಕಟ್ಟುವವನು ಪರದೇಶದ ತಯಾರಕನಲ್ಲ, ಅದನ್ನು ತರಿಸಿಕೊಳ್ಳುವ ಇಲ್ಲಿಯ ವ್ಯಾಪಾರಿ. ಅವನು ಅದನ್ನು ಗಾಜಿನ ಕಾರ್ಖಾನೆಯ ಮೇಲೂ ಒಗೆಯುವ ಪುಡಿ ಮಾಡುವವನ ಮೇಲೂ ದಾಟಿಸುತ್ತಾನೆ. ದೊಡ್ಡ ಕಾರ್ಖಾನೆ ತಾಳಿಕೊಂಡೀತು. ಹಿತ್ತಿಲಿನಲ್ಲಿ ನಾಲ್ಕು ಜನರನ್ನಿಟ್ಟುಕೊಂಡು ಪುಡಿಯನ್ನು ಬೆರೆಸಿ ಚೀಲ ತುಂಬುವವನು ಹೇಗೆ ತಾಳಿಯಾನು? ಆದ್ದರಿಂದಲೇ ಸರಕನ್ನು ಬಳಸುವ ಉದ್ಯಮಗಳಿಗೂ ಬಳಕೆದಾರರ ಸಂಘಗಳಿಗೂ ವಿಚಾರಣೆಯಲ್ಲಿ ಮಾತನಾಡುವ ಹಕ್ಕನ್ನು ನಿಯಮಗಳು ಕೊಟ್ಟಿವೆ. ಆದರೆ ಪ್ರಶ್ನಾವಳಿಗೆ ಉತ್ತರ ಬರೆಯಲು ಲೆಕ್ಕಿಗರೂ ವಕೀಲರೂ ಬೇಕು. ಹಿತ್ತಿಲಿನ ಉದ್ಯಮಿಗೆ ಅವರು ಎಲ್ಲಿಂದ ಬರಬೇಕು? ಕಡತದಲ್ಲಿ ಅವನ ದನಿ ಕೇಳಿಸುವುದು ಅಪರೂಪವೇ ಸರಿ.

ಮಹಾನಿರ್ದೇಶನಾಲಯವು ಸುಂಕವನ್ನು ಶಿಫಾರಸು ಮಾಡುತ್ತದೆ. ಹಾಕುವುದು ಬಿಡುವುದು ಹಣಕಾಸು ಸಚಿವಾಲಯದ ಕೈಯಲ್ಲಿದೆ. ಹಾಕಿದ ಸುಂಕದ ಆಯುಸ್ಸು ಸಾಮಾನ್ಯವಾಗಿ ಐದು ವರ್ಷ. ಅವಧಿ ಮುಗಿಯುವ ಮುನ್ನ ತಯಾರಕರು ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಆಗ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ. ಆದುದನ್ನು ಅಳೆದರಷ್ಟೇ ಸಾಲದು. ಸುಂಕವನ್ನು ತೆಗೆದರೆ ಪರದೇಶದವರು ಮತ್ತೆ ತಂದು ಸುರಿಯುವರೇ, ನಮ್ಮ ಕಾರ್ಖಾನೆಗೆ ಮತ್ತೆ ಪೆಟ್ಟು ಬೀಳುವುದೇ ಎಂದು ಅಧಿಕಾರಿಯು ಊಹಿಸಬೇಕು. ವಯೋಮಿಂಗಿನ ಗಣಿಯಲ್ಲಿ ಮಾರಾಟವಾಗದೆ ಉಳಿದಿರುವ ಸೋಡಾ ಎಷ್ಟು, ಅದಕ್ಕೆ ಬೇರೆ ದೇಶಗಳಲ್ಲಿ ಗಿರಾಕಿಗಳು ಇದ್ದಾರೆಯೆ, ನಮ್ಮವರು ಐದು ವರ್ಷಗಳಲ್ಲಿ ಯಂತ್ರಗಳನ್ನು ಸುಧಾರಿಸಿಕೊಂಡರೆ ಎಂಬುದನ್ನೆಲ್ಲ ಹೊಸದಾಗಿ ಕೇಳಿ, ಕಡತವನ್ನು ಮತ್ತೆ ಮೊದಲಿನಿಂದ ತೆರೆಯುತ್ತಾರೆ.