ಕೇಳುವ ಕಿವಿ, ಕೊಳ್ಳುವ ಸ್ಪೀಕರು

ಕಳೆದ ಶ್ರಾವಣದಲ್ಲಿ ಧಾರವಾಡದ ನಮ್ಮ ಓಣಿಯ ಸದ್ಗೃಹಸ್ಥರೊಬ್ಬರು ನನ್ನಲ್ಲಿಗೆ ಬಂದು ಒಂದು ಪ್ರಶ್ನೆಯನ್ನಿಟ್ಟರು. ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಓಣಿಗೆಲ್ಲ ಅವರು ಮಾಸ್ತರರು. ನಿವೃತ್ತಿಯ ಹಣ ಕೈಗೆ ಬಂದಿತ್ತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎದೆಯೆತ್ತರದ ಒಂದು ಜೋಡಿ ಸ್ಪೀಕರುಗಳನ್ನು ಕಂಡು, ಕೇಳಿ, ಮನಸೋತು ಬಂದಿದ್ದರು. ಬೆಲೆ 2,80,000 ರೂಪಾಯಿ. ಅವರ ಧರ್ಮಪತ್ನಿಯವರು ಬೇಡವೆನ್ನಲಿಲ್ಲ. ಮಾಳಿಗೆ ಸೋರುತ್ತದೆ, ಮೊಮ್ಮಗಳ ಓದಿಗೆ ಏನನ್ನೂ ಎತ್ತಿಡಲಾಗಿಲ್ಲ, ಇವೆರಡನ್ನು ನೆನಪಿಸಿ ಸುಮ್ಮನಾಗಿದ್ದರು. ಆ ಸುಮ್ಮನಿರುವಿಕೆಯೇ ಮಾಸ್ತರರನ್ನು ನನ್ನಲ್ಲಿಗೆ ಕಳಿಸಿತ್ತು.

"ನಾನು ಕೇಳಬೇಕೆಂದಿರುವುದು ವಚನಗಾಯನವನ್ನೇ ಅಲ್ಲವೆ? ಇದನ್ನು ಭೋಗವೆನ್ನಬೇಕೋ, ಶ್ರವಣವೆನ್ನಬೇಕೋ?" ಎಂದು ಕೇಳಿದರು.

ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸಿದವನಾದ್ದರಿಂದ ನನ್ನನ್ನು ಕೇಳಿದರೇ ಹೊರತು ಧರ್ಮನಿರ್ಣಯ ಹೇಳುವ ಅಧಿಕಾರ ನನಗಿಲ್ಲ. ಆದರೂ ಇಂತಹ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಏಳುತ್ತಿರುವುದರಿಂದ ಅಂದು ನಡೆದ ವಿಚಾರವನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ವೆಚ್ಚದ ಮಾತು ಬಂದೊಡನೆ ನಮಗೆ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮನವರ ಕಥೆ ನೆನಪಾಗುತ್ತದೆ. ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಪ್ರಸಂಗ ಎಲ್ಲರಿಗೂ ವಿದಿತವೇ ಇದೆ. ಆದರೆ ಆ ಕಥೆಯನ್ನು ಕೈಯಲ್ಲಿ ಹಿಡಿದು ಕಂಡಕಂಡವರ ಖರ್ಚನ್ನೆಲ್ಲ ಬೈಯುವುದು ನನಗೆ ಸಮ್ಮತವಲ್ಲ. ಲಕ್ಕಮ್ಮ ಎತ್ತಿದ ಪ್ರಶ್ನೆ ಅಳತೆಯದು: ಇಂದಿಗೆ ಎಷ್ಟು ಬೇಕು, ಏತಕ್ಕೆ ಬೇಕು ಎಂಬುದು. ಅದೇ ಕಲ್ಯಾಣದಲ್ಲಿ ಕಿನ್ನರಿ ನುಡಿಸುವುದನ್ನೇ ಕಾಯಕವಾಗಿಸಿಕೊಂಡ ಕಿನ್ನರಿ ಬೊಮ್ಮಯ್ಯನವರೂ ಇದ್ದರಷ್ಟೆ. ನಾದಕ್ಕಾಗಿ ಹಣ ಕೊಟ್ಟವರೆಲ್ಲ ಭೋಗಿಗಳೆಂದರೆ ಆ ಕಿನ್ನರಿಯ ತಂತಿಗೂ ದೋಷ ಹತ್ತೀತು. ಆದಕಾರಣ ಭೋಗವೋ ಶ್ರವಣವೋ ಎಂಬ ವಾದವನ್ನು ಬದಿಗಿಟ್ಟು, "ಆ ಹೆಚ್ಚಿನ ಹಣದಿಂದ ನಿಮ್ಮ ಕಿವಿಗೆ ಬರುವುದೇನು, ಅದನ್ನು ಮೊದಲು ಅಳೆಯೋಣ" ಎಂದೆನು.

ಸ್ಪೀಕರಿನ ಒಳಗೆ ಇರುವುದು ಬಹಳ ಸರಳವಾದ ಯಂತ್ರ. ಅಯಸ್ಕಾಂತದ ನಡುವೆ ತಂತಿಯ ಒಂದು ಸುರುಳಿ, ಅದಕ್ಕೆ ಅಂಟಿದ ಒಂದು ಶಂಕು. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಶಂಕು ಹಿಂದೆ ಮುಂದೆ ಆಡಿ ಗಾಳಿಯನ್ನು ದೂಡುತ್ತದೆ. ಈ ಬಗೆಯ ರಚನೆಯನ್ನು ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ಎಂಜಿನಿಯರರು 1925ರಲ್ಲಿ ವಿವರಿಸಿ ಪ್ರಕಟಿಸಿದರು. ಇಂದಿನ ಬಹುಪಾಲು ಸ್ಪೀಕರುಗಳು ಅದರ ಸಂತತಿಯೇ. ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ನಾದವಾಗುತ್ತದೆ, ಉಳಿದುದೆಲ್ಲ ಶಾಖವಾಗಿ ಹೋಗುತ್ತದೆ ಎಂದಾಗ ಮಾಸ್ತರರು ನಕ್ಕು, "ನಮ್ಮ ಪಾಠದ ಹಾಗೆ!" ಎಂದರು.

ಬೆಲೆ ಏರಿದಂತೆ ದೊರೆಯುವುದೇನು? ದೊಡ್ಡ ಪೆಟ್ಟಿಗೆ, ದೊಡ್ಡ ಶಂಕು, ಅದರಿಂದ ಡಗ್ಗಾದಂತಹ ತಗ್ಗಿನ ನಾದಗಳಿಗೆ ಮೈತುಂಬುವುದು. ಎಲ್ಲ ಸ್ವರಗಳಿಗೂ ಸಮಾನವಾದ ತೂಕ. ಗಟ್ಟಿಯಾಗಿ ನುಡಿಸಿದಾಗಲೂ ನಾದ ಒಡೆಯದಿರುವುದು. ಇವು ನಿಜವಾದ ಗುಣಗಳು, ಅಲ್ಲಗಳೆಯಲಾಗದು. ಆದರೆ ಐದು ಸಾವಿರದ ಜೋಡಿಯಿಂದ ಮೂವತ್ತು ಸಾವಿರದ ಜೋಡಿಗೆ ಏರಿದಾಗ ಕಾಣುವ ಅಂತರ ಮೂವತ್ತು ಸಾವಿರದಿಂದ ಮೂರು ಲಕ್ಷಕ್ಕೆ ಏರಿದಾಗ ಕಾಣದು. ಮೇಲಿನ ಮೆಟ್ಟಿಲುಗಳಲ್ಲಿ ಮರದ ಹೊಳಪಿಗೂ ಹೆಸರಿಗೂ ಕೊಡುವ ಪಾಲು ಬೆಳೆಯುತ್ತ ಹೋಗುತ್ತದೆ. ವ್ಯಾಟಿನ ಲೆಕ್ಕದಲ್ಲಿಯೂ ಹಲವರು ಮೋಸಹೋಗುತ್ತಾರೆ. ಐವತ್ತು ವ್ಯಾಟಿನ ಜಾಗದಲ್ಲಿ ನೂರು ವ್ಯಾಟು ಬಂದರೆ ಧ್ವನಿ ಇಮ್ಮಡಿಸುವುದಿಲ್ಲ, ತುಸು ಏರುತ್ತದೆ ಅಷ್ಟೆ. ಕಿವಿಗೆ ಇಮ್ಮಡಿಯೆಂದು ತೋರಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು.

ಇನ್ನು ಕೋಣೆಯ ಮಾತು. ನನ್ನ ಮಟ್ಟಿಗೆ ಅರ್ಧ ಸ್ಪೀಕರು ಎಂದರೆ ಕೋಣೆಯೇ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1895ರಲ್ಲಿ ಕಟ್ಟಿದ ಉಪನ್ಯಾಸಮಂದಿರವೊಂದರಲ್ಲಿ ಮಾತು ಮಾತಿನ ಮೇಲೆ ಬಿದ್ದು ಯಾರಿಗೂ ಏನೂ ತಿಳಿಯದಂತಾಗಿತ್ತು. ವ್ಯಾಲೇಸ್ ಸೇಬಿನ್ ಎಂಬ ತರುಣ ಅಧ್ಯಾಪಕರು ಪಕ್ಕದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಒಂದೊಂದು ಮೆತ್ತೆಗೆ ಅನುರಣನ ಎಷ್ಟು ತಗ್ಗುವುದೆಂದು ಅಳೆದು, ಬೆಳಗಾಗುವುದರೊಳಗೆ ಮರಳಿ ಇಟ್ಟುಬರುತ್ತಿದ್ದರು. ಕೋಣೆಯ ಗಾತ್ರ ಹೆಚ್ಚಿದಷ್ಟು ಅನುರಣನ ಹೆಚ್ಚು, ನಾದವನ್ನು ಹೀರುವ ವಸ್ತು ಹೆಚ್ಚಿದಷ್ಟು ಕಡಿಮೆ ಎಂಬ ಅವರ ಸೂತ್ರ ಇಂದಿಗೂ ನಡೆಯುತ್ತಿದೆ. ಮಾಸ್ತರರ ಪಡಸಾಲೆಯೋ ಹನ್ನೆರಡಡಿಯ ಚೌಕ. ಕೆಳಗೆ ಶಹಾಬಾದಿ ಕಲ್ಲು, ಸುತ್ತ ಬರಿಯ ಗೋಡೆ. ಹನ್ನೆರಡಡಿಯ ಎರಡು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 47 ಕಂಪನದ ನಾದವೂ ಅದರ ಇಮ್ಮಡಿಯಾದ 94ರ ನಾದವೂ ಉಬ್ಬಿ ನಿಲ್ಲುತ್ತವೆ. ಕೋಣೆ ಚೌಕವಾದ್ದರಿಂದ ಉದ್ದಕ್ಕೂ ಅಗಲಕ್ಕೂ ಅದೇ ಉಬ್ಬರ ಒಂದರ ಮೇಲೊಂದು ಬೀಳುತ್ತದೆ. ಇಂತಹ ಕಡೆ ತಗ್ಗಿನ ನಾದವನ್ನು ಹೆಚ್ಚು ಕೊಡುವ ದೊಡ್ಡ ಪೆಟ್ಟಿಗೆಯನ್ನಿಟ್ಟರೆ ಗುಂಯ್‌ಗುಡುವಿಕೆಯೂ ಹೆಚ್ಚುತ್ತದೆ.

ಇಷ್ಟು ಹೇಳಿದರೂ ಮಾಸ್ತರರ ಮುಖ ತಿಳಿಯಾಗಲಿಲ್ಲ. ಆಗ ನಿಜವಾದ ಕಾರಣ ಹೊರಬಂತು. ಅವರಲ್ಲಿ ಹಳೆಯ ಕ್ಯಾಸೆಟ್ಟೊಂದಿದೆ. ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನಸೂರರ ವಚನಗಾಯನ ಬರುತ್ತಿದ್ದಾಗ, ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ನಡುವೆ ಒಮ್ಮೆ ಅವರ ತಂದೆಯವರು ಹಿಂದಿನಿಂದ ಏನೋ ಅನ್ನುತ್ತಾರೆ. ತಂದೆಯವರ ಧ್ವನಿ ಉಳಿದಿರುವುದು ಅದೊಂದೇ ಕಡೆ. "ಈಗೀಗ ಅದು ಮಸುಕಾಗಿದೆ. ಮನಸೂರರ ಸ್ವರ ಕೇಳುತ್ತದೆ, ಸಾಹಿತ್ಯ ತಿಳಿಯುವುದಿಲ್ಲ. ಅಪ್ಪ ಅಂದದ್ದೂ ತಿಳಿಯುವುದಿಲ್ಲ. ನನ್ನ ಸ್ಪೀಕರು ಹಳತಾಯಿತು. ಆ ಅಂಗಡಿಯಲ್ಲಿ ಅಕ್ಷರ ಅಕ್ಷರವೂ ಕೇಳಿಸಿತು" ಎಂದರು.

ಅಂಗಡಿಯಲ್ಲಿ ಅವರಿಗೆ ಕೇಳಿಸಿದ್ದು ಹೊಸ ಧ್ವನಿಮುದ್ರಣ, ಅದೂ ಗಟ್ಟಿಯಾಗಿ. ಮಧ್ಯಮ ತರಂಗದ ರೇಡಿಯೋದಲ್ಲಿ ಸೆಕೆಂಡಿಗೆ ಸುಮಾರು ನಾಲ್ಕೂವರೆ–ಐದು ಸಾವಿರ ಕಂಪನಗಳ ಮೇಲಿನ ನಾದ ಹಾದುಬರುವುದೇ ಇಲ್ಲ. ಸಕಾರದ ತಿರುಳು ಬಹುಮಟ್ಟಿಗೆ ಇರುವುದು ಅದರ ಮೇಲೆಯೇ. ಟೇಪಿನಲ್ಲಿ ಇಲ್ಲದ್ದನ್ನು ಎರಡು ಲಕ್ಷದ ಸ್ಪೀಕರೂ ಹುಟ್ಟಿಸಲಾರದು. ಆದರೆ ಆ ಟೇಪು ಹಿಂದೆಯೂ ಹಾಗೆಯೇ ಇದ್ದುದಷ್ಟೆ? ಅಂದು ತಿಳಿಯುತ್ತಿದ್ದ ಮಾತು ಇಂದು ತಿಳಿಯದೆಂದರೆ ಬದಲಾದುದು ಯಾವುದು? ಈ ಸಂದೇಹ ನನ್ನಲ್ಲಿ ಹುಟ್ಟಿದರೂ ಅಂದು ಬಾಯಿಬಿಡಲಿಲ್ಲ. ಕಿವಿಯ ವಿಷಯದಲ್ಲಿ ನಮ್ಮವರು ಬೇಗ ನೊಂದುಕೊಳ್ಳುತ್ತಾರೆ. ಕನ್ನಡಕಕ್ಕಿಲ್ಲದ ಸಂಕೋಚ ಇದಕ್ಕೇಕೋ ಕಾಣೆ.

ಅಂಗಡಿಯವರು ಸಜ್ಜನರು. ಕೇಳಿಕೊಂಡದ್ದಕ್ಕೆ ಆ ದೊಡ್ಡ ಜೋಡಿಯನ್ನೂ 32,000 ರೂಪಾಯಿಯ ಒಂದು ಚಿಕ್ಕ ಜೋಡಿಯನ್ನೂ ಎರಡು ದಿನದ ಮಟ್ಟಿಗೆ ಮನೆಗೇ ಕಳಿಸಿದರು. ಬೆಲೆಯುಳ್ಳ ಸ್ಪೀಕರನ್ನು ಕೊಳ್ಳುವವರು ಇಷ್ಟನ್ನಾದರೂ ಕೇಳಿ ಪಡೆಯಬೇಕು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಕೆನಡಾದ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿಗಳು ಶೋನ್ ಆಲಿವ್ ಎಂಬವರೊಡನೆ 1994ರಲ್ಲಿ ಒಂದು ಪರೀಕ್ಷೆಯ ಫಲಿತಾಂಶವನ್ನು ಮಂಡಿಸಿದರು. ಅದೇ ಜನರಿಗೆ ಅದೇ ಸ್ಪೀಕರುಗಳನ್ನು ಒಮ್ಮೆ ಕಣ್ಣಿಗೆ ಕಾಣುವಂತೆಯೂ ಒಮ್ಮೆ ಪರದೆಯ ಹಿಂದೆಯೂ ಇಟ್ಟು ಕೇಳಿಸಿದಾಗ ಅವರ ತೀರ್ಪು ಬದಲಾಯಿತು. ಕಂಡಾಗ ಗಾತ್ರ, ಹೆಸರು, ಬೆಲೆಗಳು ಕಿವಿಯೊಳಗೆ ಹೊಕ್ಕು ಮಾತನಾಡುತ್ತವೆ. ಆದಕಾರಣ ನಾವೂ ಪಡಸಾಲೆಯಲ್ಲಿ ಅಡ್ಡಹಗ್ಗ ಕಟ್ಟಿ ತೆಳುವಾದ ಧೋತರವನ್ನು ಇಳಿಬಿಟ್ಟೆವು. ಎರಡೂ ಜೋಡಿಗಳ ಧ್ವನಿಯ ಗಟ್ಟಿತನವನ್ನು ಮೊಬೈಲಿನ ಮಾಪಕದಿಂದ ಸಮ ಮಾಡಿದೆವು. ಇದನ್ನು ಮರೆತರೆ ಗಟ್ಟಿಯಾಗಿ ಕೇಳಿಸಿದ್ದೇ ಒಳ್ಳೆಯದೆಂದು ತೋರುತ್ತದೆ. ನೆರೆಮನೆಯ ಹುಡುಗ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಒಂದನ್ನು ನುಡಿಸುವುದು. ಯಾವುದೆಂದು ಮಾಸ್ತರರು ಹೇಳುವುದು.

ಹೊಸ ಧ್ವನಿಮುದ್ರಣದಲ್ಲಿ, ತಂಬೂರಿ ತಬಲಗಳಿದ್ದ ಕಡೆ, ಎಂಟರಲ್ಲಿ ಏಳು ಬಾರಿ ದೊಡ್ಡ ಜೋಡಿಯನ್ನು ಗುರುತಿಸಿದರು. ಬರಿಯ ಅದೃಷ್ಟದಿಂದ ಎಂಟಕ್ಕೆ ಏಳು ಸರಿಯಾಗುವುದು ಅಪರೂಪ. ದೊಡ್ಡದರಲ್ಲಿ ಡಗ್ಗಾದ ಗುಂಕಾರ ಗುಂಯ್‌ಗುಡುತ್ತಲೇ ಆದರೂ ಎದೆಗೆ ತಾಗುವಂತಿತ್ತು, ತಂಬೂರಿ ಕೋಣೆಯನ್ನೆಲ್ಲ ತುಂಬಿತ್ತು. ನಾನೂ ಕೇಳಿದೆ, ಅದು ಒಳ್ಳೆಯದೇ, ಸಂದೇಹವಿಲ್ಲ. ಕ್ಯಾಸೆಟ್ಟಿನಲ್ಲಿಯೋ ಎಂಟರಲ್ಲಿ ನಾಲ್ಕು. ನಾಣ್ಯವೇ ಉತ್ತರ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ಎರಡನೆಯ ದಿನ ತಾಯಿಯವರು ಒಳಗಿನಿಂದ ಐದು ಕೌದಿಗಳನ್ನು ತಂದು ಎರಡು ಗೋಡೆಗೆ ತೂಗಹಾಕಿ, ಕಲ್ಲಿನ ಮೇಲೆ ಜಮಖಾನ ಹಾಸಿದರು. ಸ್ಪೀಕರುಗಳನ್ನು ಮೂಲೆಯಿಂದ ಎರಡಡಿ ಮುಂದಕ್ಕೆ ತಂದೆವು. ಚಿಕ್ಕ ಜೋಡಿ ಅಂದಿನಿಂದ ಬೇರೆಯೇ ವಸ್ತುವಾಯಿತು. ಆದರೂ ಕ್ಯಾಸೆಟ್ಟು ಹಾಕಿದಾಗ ಮಾಸ್ತರರು ಮುಂದೆ ಬಾಗಿ, "ಅಪ್ಪ ಏನಂದರು?" ಎಂದು ಮತ್ತೆ ಕೇಳಿದರು. ತಾಯಿಯವರು ಸಹಜವಾಗಿ ನುಡಿದರು: "'ಸ್ವಲ್ಪ ಸಣ್ಣಗೆ ಮಾಡು' ಅಂದರು. ಯಾವಾಗಲೂ ಅದೇ ಇದೆಯಲ್ಲ. ನಿಮಗೆ ಕೇಳಿಸುವುದಿಲ್ಲವೆ?"

ಆ ಪದಗಳಲ್ಲಿ ಎರಡು ಸಕಾರಗಳಿವೆ. ಟೇಪು ಅರ್ಧವನ್ನು ತಿಂದಿತ್ತು, ಉಳಿದರ್ಧವನ್ನು ವಯಸ್ಸು. ಮುಪ್ಪು ಕಿವಿಯನ್ನು ಮೇಲಿನ ಕಂಪನಗಳಿಂದ ಮೊದಲುಮಾಡಿ ಸವೆಸುತ್ತ ಬರುತ್ತದೆ; ಸ್ವರ ಕೇಳಿ ವ್ಯಂಜನ ಜಾರುತ್ತದೆ. ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ ಎಂಬ ಹಿರಿಯರ ದೂರಿನ ಮೂಲ ಇದೇ. ಧ್ವನಿಯನ್ನು ಎಷ್ಟು ಗಟ್ಟಿ ಮಾಡಿದರೂ ತಗ್ಗಿನ ನಾದವೂ ಅದರೊಡನೆ ಗಟ್ಟಿಯಾಗಿ ಮೇಲಿನದನ್ನು ಮುಚ್ಚುತ್ತದೆ. ಮಾಸ್ತರರು ಬಹಳ ಹೊತ್ತು ಮಾತನಾಡಲಿಲ್ಲ.

ದೊಡ್ಡ ಜೋಡಿ ಅಂಗಡಿಗೆ ಮರಳಿತು; ಚಿಕ್ಕದು ಉಳಿಯಿತು. ವಾರದೊಳಗೆ ಶ್ರವಣಪರೀಕ್ಷೆಯಾಗಿ, ನಾನು ಊಹಿಸಿದ ಕಡೆಯೇ ಇಳಿಮುಖದ ಗೆರೆ ಕಂಡಿತು. ಶ್ರವಣಯಂತ್ರ ಬಂದಿತು. ಅದರ ವೆಚ್ಚವೇನೂ ಕಡಿಮೆಯಲ್ಲವೆಂಬುದನ್ನು ಹೇಳಲೇಬೇಕು. ಸ್ಪೀಕರಿನಲ್ಲಿ ಉಳಿದುದರಲ್ಲಿ ಒಂದು ದೊಡ್ಡ ಪಾಲು ಅದಕ್ಕೇ ಹೋಯಿತು. ಮಾಳಿಗೆಯ ಕೆಲಸ ಮಾತ್ರ ನಡೆಯಿತು, ಮೊಮ್ಮಗಳ ಠೇವಣಿ ಮುಂದಿನ ವರ್ಷಕ್ಕೆ ಬಿತ್ತು. ಮೊದಮೊದಲು ಯಂತ್ರದೊಳಗಿಂದ ಸಂಗೀತ ಕೇಳುವುದು ಹಿಂಸೆಯೆಂದು ಕಿತ್ತಿಟ್ಟಿದ್ದರು. ಆ ಯಂತ್ರಗಳನ್ನು ಮುಖ್ಯವಾಗಿ ಮಾತಿಗೆ ಹೊಂದಿಸಿರುತ್ತಾರೆ. ಗಟ್ಟಿ ನಾದವನ್ನು ಅದುಮಿ, ಮೆಲ್ಲನೆಯದನ್ನು ಎತ್ತಿ ಕೊಡುವುದರಿಂದ ಗಾಯನದ ಏರಿಳಿತ ಚಪ್ಪಟೆಯಾಗುತ್ತದೆ. ಸಂಗೀತಕ್ಕೆಂದೇ ಬೇರೊಂದು ಹೊಂದಿಕೆಯನ್ನು ಅದರಲ್ಲಿ ಹಾಕಿಸಿಕೊಳ್ಳಬಹುದೆಂದು ತಿಳಿದ ಮೇಲೆ ಸರಿಹೋಯಿತು. ಇದನ್ನು ಕೇಳಿ ಮಾಡಿಸಿಕೊಳ್ಳಬೇಕು, ತಾವಾಗಿ ಹೇಳುವವರು ಕಡಿಮೆ.

ಮೂರು ತಿಂಗಳಾದ ಮೇಲೆ ಅವರ ಮನೆಗೆ ಹೋಗಿದ್ದೆ. ಕೌದಿಗಳು ಗೋಡೆಯ ಮೇಲೆಯೇ ಇದ್ದವು. ಕ್ಯಾಸೆಟ್ಟು ಕೇಳಿಸಿದರು, ತಂದೆಯವರ ಮಾತು ಬರುವ ಹೊತ್ತಿಗೆ ಕೈಯೆತ್ತಿ, ಮಾತು ಮುಗಿದೊಡನೆ ಅದನ್ನು ತಾವೇ ಒಮ್ಮೆ ಮೆಲ್ಲನೆ ಅಂದರು. ಚಹ ಕುಡಿಯುವಾಗ, "ಆದರೂ ಆ ಡಗ್ಗಾ ಮರೆಯುವಂತಿಲ್ಲ, ಪ್ರಾಧ್ಯಾಪಕರೆ" ಎಂದು ಸಣ್ಣ ಧ್ವನಿಯಲ್ಲಿ ಹೇಳಿದರು. ನನಗೂ ಅದು ನೆನಪಿತ್ತು, ಒಪ್ಪಿಕೊಂಡೆ. ತಾಯಿಯವರು ಬಸಿ ತೆಗೆದುಕೊಳ್ಳಲು ಬಂದವರು ನನ್ನತ್ತ ತಿರುಗಿ, "ಅಣ್ಣನವರೆ, ಮೊಮ್ಮಗಳ ಠೇವಣಿ ಆಗಲಿ. ಮುಂದಿನ ಶ್ರಾವಣಕ್ಕೂ ಇವರಿಗೆ ಅದೇ ಧ್ಯಾನವಿದ್ದರೆ ಕೊಂಡುಬಿಡಲಿ, ನಾನು ಮಾಳಿಗೆಯ ಮಾತೆತ್ತುವುದಿಲ್ಲ" ಎಂದು ಒಳಗೆ ನಡೆದರು.